ಬ್ಯಾಡ್ಜರ್, ತರಕರಡಿ ಮತ್ತು ಉಡದ ಪಟ್ಟು



ಸಂಜೆ ಹೊತ್ತು ಮಕ್ಕಳ ಕೈ ಹಿಡಿದು ಬಂಗಾರಪೇಟೆಯ ಪಾನಿಪುರಿ ಅಂಗಡಿಗಳ ಮುಂದೆ ಹಾದುಹೋಗುವುದು ಸುಲಭವಲ್ಲ. ಊರಿಗೇ ಹೆಸರು ತಂದ ಆ ತಿಳಿನೀರಿನ ಪಾನಿಪುರಿ ಕಣ್ಣಿಗೆ ಬಿದ್ದರೆ ಸಾಕು, ಮಗು ಸೆರಗು ಹಿಡಿದು ಜಗ್ಗುತ್ತದೆ. ಒಂದು ಪ್ಲೇಟು ಮುಗಿದರೂ 'ಅಮ್ಮಾ, ಇನ್ನೊಂದೇ ಒಂದು' ಎಂಬ ರಾಗ ನಿಲ್ಲುವುದಿಲ್ಲ. 'ಪ್ರಾಣ ತಿನ್ನಬೇಡ, ಸುಮ್ಮನೆ ನಡಿ' ಎಂದು ತಾಯಿ ಗದರುತ್ತಾಳೆ. ಅಲ್ಲೇ ಹತ್ತಿರ ಕೋಲಾರದ ಚಿನ್ನದ ಗಣಿಯ ಕೆ.ಜಿ.ಎಫ್. ಇದೆಯಲ್ಲ, ಅದು 1880ರಿಂದ ಜಾನ್ ಟೇಲರ್ ಎಂಬ ಬ್ರಿಟಿಷ್ ಕಂಪನಿ ಗಣಿ ನಡೆಸಿದ ಊರು. ತಮಿಳು, ತೆಲುಗು, ಕನ್ನಡದ ಜೊತೆಗೆ ಇಂಗ್ಲಿಷೂ ಬೀದಿಯಲ್ಲಿ ಓಡಾಡಿದ ಊರು. ಅಲ್ಲಿ ಇಂಗ್ಲಿಷ್ ಬಲ್ಲ ತಾಯಿಯೊಬ್ಬಳು ಇದನ್ನೇ 'ಡೋಂಟ್ ಬ್ಯಾಡ್ಜರ್ ಮಿ' ಎಂದಾಳು.

ಬ್ಯಾಡ್ಜರ್ ಎಂಬುದು ಒಂದು ಪ್ರಾಣಿಯ ಹೆಸರು. ಇಂಗ್ಲೆಂಡಿನ ತೋಪುಗಳಲ್ಲಿ ಬಿಲ ತೋಡಿಕೊಂಡು ಸಂಸಾರ ಮಾಡುವ, ಗಿಡ್ಡ ಕಾಲಿನ, ಬಿಳಿ ಮುಖದ ಮೇಲೆ ಎರಡು ಕಪ್ಪು ಪಟ್ಟೆಯಿರುವ ಜೀವ. ಹಗಲೆಲ್ಲ ಬಿಲದಲ್ಲಿ ನಿದ್ದೆ, ರಾತ್ರಿ ಎರೆಹುಳುವಿನ ಬೇಟೆ. ಯಾರ ತಂಟೆಗೂ ಹೋಗದ ಇಂಥ ಪ್ರಾಣಿಯ ಹೆಸರು ಬೆನ್ನು ಬಿದ್ದು ಪೀಡಿಸುವುದಕ್ಕೆ ಹೇಗೆ ಬಂತು?

ಅದರ ಹಿಂದೆ ಒಂದು ಕ್ರೂರ ಆಟವಿದೆ. ಹಿಡಿದು ತಂದ ಬ್ಯಾಡ್ಜರನ್ನು ಮರದ ಪೆಟ್ಟಿಗೆಯಲ್ಲೋ ಮಲಗಿಸಿಟ್ಟ ಪೀಪಾಯಿಯಲ್ಲೋ ಕೂಡಿಹಾಕಿ ನಾಯಿಯನ್ನು ಛೂ ಬಿಡುತ್ತಿದ್ದರು. ನಾಯಿ ಅದನ್ನು ಕಚ್ಚಿ ಹೊರಗೆಳೆಯಬೇಕು. ಎಳೆದ ಮೇಲೆ ಬಿಡಿಸಿ ಮತ್ತೆ ಒಳಗೆ ತಳ್ಳುವುದು, ಮತ್ತೆ ನಾಯಿ ಬಿಡುವುದು. ಸುತ್ತ ನಿಂತವರು ಬಾಜಿ ಕಟ್ಟುವುದು. ಬ್ಯಾಡ್ಜರಿನ ಉಗುರು, ದವಡೆ ಎರಡೂ ಬಲು ಗಟ್ಟಿ. ಸಾಯುವ ತನಕ ಹೋರಾಡುತ್ತಿತ್ತು. ಬಿಡುವು ಕೊಡದೆ ಕಾಡುವುದಕ್ಕೆ ಇಂಗ್ಲಿಷಿನವರು 'ಬ್ಯಾಡ್ಜರ್' ಎಂದದ್ದು ಈ ಆಟದಿಂದ ಎಂದು ನಿಘಂಟುಗಳು ಹೇಳುತ್ತವೆ. ಕಾಡಿಸಿಕೊಂಡದ್ದು ಪ್ರಾಣಿ, ಕಾಡಿದವರು ಮನುಷ್ಯರು; ಹೆಸರು ಮಾತ್ರ ಪ್ರಾಣಿಯ ತಲೆಗೆ ಬಂತು. 1835ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಈ ಆಟವನ್ನು ಕಾನೂನಿನಿಂದ ನಿಷೇಧಿಸಿತು. 1992ರ ಕಾಯ್ದೆಯ ಪ್ರಕಾರ ಅಲ್ಲಿ ಬ್ಯಾಡ್ಜರಿನ ಬಿಲ ಕೆಡಿಸುವುದೂ ಅಪರಾಧ.

ನಮ್ಮಲ್ಲಿ ಆ ಪ್ರಾಣಿ ಇಲ್ಲ. ಅದರ ದೂರದ ನೆಂಟ ಇದೆ, ತರಕರಡಿ. ಇಂಗ್ಲಿಷಿನಲ್ಲಿ ಹನಿ ಬ್ಯಾಡ್ಜರ್ ಅಥವಾ ರಾಟೆಲ್. ಮೇಲೆ ಬೂದು ಬಿಳಿ, ಕೆಳಗೆ ಕಡುಗಪ್ಪು. ಚರ್ಮ ದಪ್ಪ, ಸಡಿಲ ಕೂಡ. ಹಿಂದಿನಿಂದ ಕಚ್ಚಿ ಹಿಡಿದ ಶತ್ರುವಿನ ಕಡೆಗೆ ಚರ್ಮದೊಳಗೇ ತಿರುಗಿ ವಾಪಸ್ಸು ಕಚ್ಚಬಲ್ಲದು.  ಶಿವನಸಮುದ್ರದಿಂದ ಕೆಳಗೆ ಕಾವೇರಿ ಹರಿದುಹೋಗುವ ದಾರಿಯಲ್ಲಿ ಕಾವೇರಿ ವನ್ಯಜೀವಿಧಾಮವಿದೆ. ಆ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪಿಗೆ ಸಿಕ್ಕ ತರಕರಡಿಯ ಚಿತ್ರಗಳನ್ನು ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದರು. ರಾತ್ರಿ ತಿರುಗುವ ಪ್ರಾಣಿಯಾದ್ದರಿಂದ ಕಾಡಂಚಿನ ಜನರ ಕಣ್ಣಿಗೂ ಇದು ಬೀಳುವುದು ಅಪರೂಪ. ಇದಕ್ಕೂ ಅಪವಾದ ತಪ್ಪಿಲ್ಲ: ಗೋರಿ ಅಗೆದು ಹೆಣ ತಿನ್ನುತ್ತದೆಂದು ದೇಶದ ಹಲವು ಕಡೆ ಜನ ದೂರುತ್ತಾರೆ. ಇಲಿ, ಹುಳು, ಜೇನಿನ ಮರಿಗಳನ್ನು ಹುಡುಕುತ್ತ ನೆಲ ಕೆದರುವುದು ಅದರ ಹೊಟ್ಟೆಪಾಡು.

ಹಾಗಾದರೆ ಬಿಡದೆ ಹಿಡಿಯುವುದಕ್ಕೆ ಕನ್ನಡದವರು ಕರೆದದ್ದು ಯಾವ ಪ್ರಾಣಿಯನ್ನು? ಉಡವನ್ನು. 'ಅವನದು ಉಡದ ಪಟ್ಟು ಮಾರಾಯ' ಎನ್ನುತ್ತೇವೆ. ಸೊಂಟಕ್ಕೆ ಹಗ್ಗ ಕಟ್ಟಿ ಉಡವನ್ನು ಕೋಟೆಗೋಡೆಗೆ ಎಸೆದು ಹತ್ತಿದ ಕಥೆಗಳನ್ನೂ ಕೇಳಿದ್ದೇವೆ. ಕಥೆ ಹಾಗಿರಲಿ, ನಿಜವಾಗಿ ಆ ಪಟ್ಟು ಹೇಗೆಂದು ನೋಡೋಣ. ಬಂಡೆಯ ಸೀಳಿನಲ್ಲಿ ಉಡ ನುಗ್ಗಿದೆ, ಬಾಲ ಮಾತ್ರ ಹೊರಗಿದೆ. ಬೇಟೆಗೆ ಬಂದವನು ಬಾಲ ಹಿಡಿದು ಎಳೆಯುತ್ತಾನೆ. ಉಡ ಉಸಿರು ತುಂಬಿಕೊಂಡು ಮೈ ಉಬ್ಬಿಸುತ್ತದೆ. ಪಕ್ಕೆಗಳು ಕಲ್ಲಿಗೆ ಒತ್ತುತ್ತವೆ, ಉಗುರುಗಳು ಕಲ್ಲಿನ ತರಿಯನ್ನು ಕಚ್ಚುತ್ತವೆ. ಎಳೆದಷ್ಟೂ ಬಿಗಿ. ಕೈ ಬಿಟ್ಟು ದೂರ ಹೋದರೆ ಸ್ವಲ್ಪ ಹೊತ್ತಿಗೆ ಅದೇ ಮೈ ಸಡಿಲಿಸಿ ತನ್ನ ಪಾಡಿಗೆ ಹೋಗುತ್ತದೆ. ಅದನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಕೊಟ್ಟಿಗೆಗೋ ಸ್ನಾನದ ಮನೆಗೋ ಉಡ ಬಂದರೆ ಎಳೆದಾಡಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ನೋಡಿ, ಆ ಬ್ಯಾಡ್ಜರು ಪೆಟ್ಟಿಗೆಯ ಮೂಲೆಯಲ್ಲಿ ಹಲ್ಲು ಕಿರಿದು ನಿಂತದ್ದು ನಾಯಿ ಬಿಟ್ಟದ್ದರಿಂದ. ನಮ್ಮ ಉಡ ಕಲ್ಲಿಗೆ ಅಂಟಿದ್ದು ಬಾಲ ಎಳೆದದ್ದರಿಂದ. ಎರಡು ದೇಶದ ಜನರೂ ಹಟವನ್ನು ಕಂಡರು, ಅದಕ್ಕೊಂದು ಹೆಸರಿಟ್ಟರು. ಎಳೆದ ಕೈಗೆ ಮಾತ್ರ ಯಾರೂ ಹೆಸರಿಡಲಿಲ್ಲ.

ಈ ಅಭ್ಯಾಸ ಪ್ರಾಣಿಗಳ ಮಟ್ಟಿಗೆ ನಿಲ್ಲುವುದಿಲ್ಲ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಗಣಿ ಮುಚ್ಚಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರ ಎಷ್ಟೋ ಸಂಸಾರಗಳು ಗಣಿಯ ಲೈನು ಮನೆಗಳಲ್ಲೇ ಉಳಿದವು. ಬೆಳೆದ ಮಕ್ಕಳು ಬೆಳಗಿನ ಕತ್ತಲಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಅದೇ ಮನೆಗೆ ಮರಳುತ್ತಾರೆ. ಹಿರಿಯರು ಬಾಕಿ ಹಣಕ್ಕಾಗಿ, ಮನೆಯ ಹಕ್ಕಿಗಾಗಿ ಅರ್ಜಿ ಬರೆದು ಬರೆದು ಮುದುಕರಾದರು. ಇಂಥವರು ಯಾವುದೇ ಊರಿನ ಕಚೇರಿಯ ಬಾಗಿಲಲ್ಲಿ ಮತ್ತೆ ಕಾಣಿಸಿಕೊಂಡಾಗ 'ಇವರ ಕಾಟ ತಡೆಯೋಕಾಗಲ್ಲ' ಎಂಬ ಮಾತು ಸಲೀಸಾಗಿ ಬರುತ್ತದೆ. ಅವರದು ಉಡದ ಪಟ್ಟು ಎಂದರೆ ಒಪ್ಪೋಣ. ಕೂತಿದ್ದ ಕಡೆಯಿಂದ ಅವರನ್ನು ಎಳೆದದ್ದು ಏನು ಎಂಬುದನ್ನೂ ಅದರ ಜೊತೆಗೇ ಹೇಳಬೇಕು.