ನಗರಸಭೆಯ ಜಾಲತಾಣವೂ ನಮ್ಮ ಬೀದಿಯ ಚರಂಡಿಯೂ

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ವರ್ತಕ ಬಂಧುಗಳೇ,

ಪಾಳಿ ಮುಗಿಸಿ, ಅಂಗಡಿ ಬಾಗಿಲೆಳೆದು ಬಂದಿರುವ ನಿಮಗೆ ಜಾಲತಾಣದ ಪುರಾಣವೇಕೆ ಎಂದು ಕೆಲವರು ನಕ್ಕುದನ್ನು ಕಂಡೆ. ನಗಲಿ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ: ನಿಮ್ಮ ಬೀದಿಯ ಚರಂಡಿಗೆ ಕಳೆದ ವರ್ಷ ಎಷ್ಟು ರೂಪಾಯಿ ಖರ್ಚಾಯಿತು? ಗುತ್ತಿಗೆ ಹಿಡಿದವರಾರು? ಕಂದಾಯ ಕಟ್ಟಿದವರು ನೀವು. ಲೆಕ್ಕ ಗೊತ್ತಿರುವುದು ಕಚೇರಿಯ ಬೀರುವಿಗೆ.

ಮೊನ್ನೆ ನಾವು ನಾಲ್ವರು ಕುಳಿತು ನಮ್ಮ ನಗರಸಭೆಯ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದೆವು. ಮೊದಲಿಗೆ ದೊಡ್ಡವರ ಭಾವಚಿತ್ರಗಳು, ಹಬ್ಬದ ಶುಭಾಶಯಗಳು. ಆಯವ್ಯಯವಿತ್ತು, ಇಂಗ್ಲಿಷಿನಲ್ಲಿ, ಪುಟ ಅಡ್ಡಡ್ಡಲಾಗಿ. ಟೆಂಡರಿನ ಪ್ರಕಟಣೆಯಿತ್ತು, ಅದು ಯಾರಿಗೆ, ಎಷ್ಟಕ್ಕೆ ಹೋಯಿತೆಂಬುದಿಲ್ಲ. ಕೆಲಸದ ಅಳತೆಯಿಲ್ಲ, ಪಾವತಿಯಾದ ಬಿಲ್ಲಿಲ್ಲ. ಮಾಹಿತಿ ಅಧಿಕಾರಿಯೆಂದು ಹೆಸರಿದ್ದವರು ಎಂದೋ ವರ್ಗವಾಗಿ ಹೋದವರು! ಇದರಲ್ಲಿ ಬಡ ಗುಮಾಸ್ತನ ತಪ್ಪು ಹುಡುಕಬೇಡಿ. ಮೇಲಿನವರು ಕೊಟ್ಟ ಕಾಗದವನ್ನಲ್ಲವೆ ಅವನು ಏರಿಸುವುದು?

ನಾವು ಕೇಳುತ್ತಿರುವುದು ಭಿಕ್ಷೆಯನ್ನಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು 17 ಬಾಬುಗಳನ್ನು ಹೆಸರಿಸಿ, ಅವುಗಳನ್ನು ಸರ್ಕಾರಿ ಕಚೇರಿ ತಾನಾಗಿಯೇ ಪ್ರಕಟಿಸಬೇಕೆಂದು ವಿಧಿಸಿದೆ. ಆಯವ್ಯಯ ಹಾಗೂ ಹಣ ಬಟವಾಡೆಯ ವಿವರ, ಪರವಾನಗಿ ಪಡೆದವರ ವಿವರ, ಮಾಹಿತಿ ಅಧಿಕಾರಿಗಳ ಹೆಸರು ಎಲ್ಲವೂ ಅದರಲ್ಲಿವೆ. ಕೊಟ್ಟ ಗಡುವು 120 ದಿನ. ಅದು 2005ರ ಅಕ್ಟೋಬರಿನಲ್ಲೇ ಮುಗಿಯಿತು. ಜನ ಅರ್ಜಿ ಹಿಡಿದು ಅಲೆಯುವುದು ತಪ್ಪಲೆಂಬುದೇ ಈ ಕಲಮಿನ ಉದ್ದೇಶ. ಆದರೂ ಇಂದು ಗೋಡೆಯ ಮೇಲಿರಬೇಕಾದ ಲೆಕ್ಕಕ್ಕೆ ನಾವು 10 ರೂಪಾಯಿ ಕಟ್ಟಿ 30 ದಿನ ಕಾಯುತ್ತೇವೆ. ರಸ್ತೆ ಬದಿಯ ವ್ಯಾಪಾರಿಗೆ "ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ" ಎನ್ನುತ್ತಾರೆ. ಪಟ್ಟಿಯನ್ನು ಮಾತ್ರ ತೋರಿಸುವುದಿಲ್ಲ.

ಈ ಕಾಯಿದೆ ದೆಹಲಿಯವರು ತಾವಾಗಿ ಕೊಟ್ಟ ವರವಲ್ಲ. ರಾಜಸ್ಥಾನದ ಬ್ಯಾವರ್ ಎಂಬ ಗಿರಣಿ ಊರಿನಲ್ಲಿ 1996ರ ಏಪ್ರಿಲಿನಿಂದ 40 ದಿನ ಧರಣಿ ನಡೆಯಿತು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕೂಲಿಕಾರರೂ ರೈತರೂ ಕೇಳಿದ್ದು ಇಷ್ಟೆ: ಪಂಚಾಯಿತಿಯ ಬಿಲ್ಲುಗಳ, ಹಾಜರಿ ಪಟ್ಟಿಗಳ ನಕಲು. ಅವರಿಗೆ ಧಾನ್ಯ, ತರಕಾರಿ, ಕಾಸು ಕೊಟ್ಟು ನಿಲ್ಲಿಸಿದವರು ಹಳ್ಳಿಗರು ಮತ್ತು ಆ ಊರಿನ ಸಾಮಾನ್ಯ ಜನ. ನಿಮ್ಮಂಥವರೇ.

ಆದುದರಿಂದ ಜಾಲತಾಣವನ್ನು ಅದರ ಬಣ್ಣದಿಂದ ಅಳೆಯಬೇಡಿ. ಒಂದೇ ಒಂದು ಚರಂಡಿಯನ್ನು ಹಿಡಿಯಿರಿ. ಅದರ ಅಂದಾಜು ಪಟ್ಟಿ, ಗುತ್ತಿಗೆಯ ಆದೇಶ, ಅಳತೆ ಪುಸ್ತಕ, ಬಿಲ್ಲು, ಈ ನಾಲ್ಕೂ ಕನ್ನಡದಲ್ಲಿ ಸಿಕ್ಕರೆ ಜಾಲತಾಣ ನಮ್ಮದು. ಸಿಗದಿದ್ದರೆ ಅದು ಭಾವಚಿತ್ರಗಳ ಅಂಗಡಿ. ಮೊಬೈಲಿಲ್ಲದವರು, ಓದಲಾರದವರು ನಮ್ಮ ಕೇರಿಗಳಲ್ಲಿ ಬಹಳ ಮಂದಿ. ಸೂಚನಾ ಫಲಕವನ್ನೂ ಸಾರ್ವಜನಿಕ ಘೋಷಣೆಯನ್ನೂ ಕಾಯಿದೆಯೇ ಹೆಸರಿಸಿದೆ. ವಾರ್ಡುವಾರು ಫಲಕ ಹಾಕಿಸಿ, ಓದಿ ಹೇಳಿಸಬೇಕೆಂದು ಒತ್ತಾಯಿಸೋಣ.

ಬರುವ ಭಾನುವಾರ ಸಂಜೆ ಇಲ್ಲೇ ಕೂಡೋಣ. ಮೊಬೈಲಿದ್ದವರು ಅದನ್ನು ತನ್ನಿ. ಇಲ್ಲದವರು ಕಂದಾಯದ ರಸೀತಿ ತನ್ನಿ. ಮೊದಲು ಹಿಡಿಯುವುದು ಗಿರಣಿ ಗೇಟಿನ ಹಿಂದಿನ ಚರಂಡಿಯನ್ನು.