ಮಾತು ಕೊಡೋ ನೆಟ್‌ವರ್ಕ್‌ಗೆ ‘ಇಲ್ಲ’ ಅನ್ನೋಕೂ ಬರಬೇಕು

ಇವತ್ತಿನ ವಿಷಯ ಕ್ವಾಲಿಟಿ ಆಫ್ ಸರ್ವಿಸ್ ರೌಟಿಂಗ್. ಹೆಸರು ಕೇಳಿದ್ರೆ ಎಂಟೆಕ್‌ನಲ್ಲಿ ಯಾರೂ ತಗೊಳ್ಳದ ಎಲೆಕ್ಟಿವ್ ಥರ ಇದೆ. ಆದ್ರೆ ಒಳಗಿರೋ ಪ್ರಶ್ನೆ ಸರಳ. ನೀವು ಪುಣೆಯಲ್ಲಿ ಕೂತು ಬೆಂಗಳೂರಿಗೆ ಒಂದು ಕಾಲ್ ಮಾಡ್ತೀರಿ. “ಈ ಕಾಲ್ ಮುಗಿಯೋವರೆಗೆ ನಿಮ್ಮ ಪ್ರತಿ ಪ್ಯಾಕೆಟ್ಟೂ ಇಷ್ಟು ಮಿಲಿಸೆಕೆಂಡ್ ಒಳಗೆ ತಲುಪುತ್ತೆ” ಅಂತ ನೆಟ್‌ವರ್ಕ್ ಮೊದಲೇ ಮಾತು ಕೊಡೋಕಾಗುತ್ತಾ? ಆ ಮಾತು ಉಳಿಸಿಕೊಳ್ಳೋಕೆ ಯಾವ ದಾರಿ ಆರಿಸಬೇಕು?

ನಾವು ದಿನಾ ಬಳಸೋ ಇಂಟರ್ನೆಟ್ ಇಂಥ ಮಾತು ಕೊಡೋದಿಲ್ಲ. ಅದರ ಒಪ್ಪಂದ ಒಂದೇ: ಕೈಲಾದಷ್ಟು ಮಾಡ್ತೀನಿ. ಯಾಕೆ ಹೀಗೆ ಅಂತ ಕೇಳಿದ್ರೆ, ಓದಿಕೊಂಡವರು “ಆ ಲೆಕ್ಕ ಎನ್‌ಪಿ-ಕಂಪ್ಲೀಟ್” ಅಂತ ಹೇಳಿ ಕೈ ತೊಳ್ಕೋತಾರೆ. ನನಗೆ ಆ ಉತ್ತರ ಒಪ್ಪಿಗೆ ಇಲ್ಲ. ಲೆಕ್ಕ ಕಷ್ಟ ಹೌದು, ಆದ್ರೆ ಅಸಲಿ ತೊಡಕು ಅಲ್ಲಿಲ್ಲ. ಅದನ್ನೇ ಇವತ್ತು ತೋರಿಸಬೇಕು ಅಂತಿದೀನಿ.

ಮೊದಲು ಅಳತೆ ಗೊತ್ತಿರಲಿ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತೆ. ಅಂದ್ರೆ 1000 ಕಿಲೋಮೀಟರಿಗೆ 5 ಮಿಲಿಸೆಕೆಂಡ್. ಪುಣೆ–ಬೆಂಗಳೂರು ಅಷ್ಟೂ ದೂರ ಇಲ್ಲ. ಮಾತುಕತೆಗೆ ಒಂದು ದಿಕ್ಕಿನಲ್ಲಿ 150 ಮಿಲಿಸೆಕೆಂಡ್ ಒಳಗಿದ್ರೆ ಹೆಚ್ಚಿನ ಬಳಕೆಗೆ ತೊಂದರೆ ಇಲ್ಲ ಅಂತ ಐಟಿಯು ಶಿಫಾರಸು ಹೇಳುತ್ತೆ. 150ರಲ್ಲಿ ದೂರಕ್ಕೆ ಖರ್ಚಾಗೋದು ಬರೀ 5! ಧ್ವನಿಯನ್ನು ಡಿಜಿಟಲ್ ಮಾಡೋದು, ಆ ಕಡೆ ಬಫರ್‌ನಲ್ಲಿ ಕಾಯಿಸೋದು, ಇದಕ್ಕೆಲ್ಲ ಒಂದಷ್ಟು ಹೋಗುತ್ತೆ. ಆದ್ರೆ ಅವು ಹೆಚ್ಚುಕಮ್ಮಿ ಗೊತ್ತಿರೋ ಖರ್ಚು. ಊಹಿಸೋಕಾಗದ್ದು ರೌಟರ್‌ಗಳಲ್ಲಿ ಕ್ಯೂ ನಿಲ್ಲೋ ಹೊತ್ತು. ಕಾಲ್ ಕಟ್ ಕಟ್ ಆಗೋದು ಊರು ದೂರ ಅಂತಲ್ಲ, ಕ್ಯೂ ಉದ್ದ ಅಂತ.

ಈಗ ಲೆಕ್ಕಕ್ಕೆ ಬರೋಣ. “2 ಎಂಬಿಪಿಎಸ್ ಖಾಲಿ ಇರೋ ದಾರಿ ಬೇಕು” ಅಂದ್ರೆ ಸುಲಭ. ಅಷ್ಟು ಖಾಲಿ ಇಲ್ಲದ ಲಿಂಕ್‌ಗಳನ್ನೆಲ್ಲ ನಕ್ಷೆಯಿಂದ ಅಳಿಸಿ, ಉಳಿದದ್ದರಲ್ಲಿ ಡೈಕ್ಸ್‌ಟ್ರಾ ಓಡಿಸಿ. ಬ್ಯಾಂಡ್‌ವಿಡ್ತ್ ಅನ್ನೋದು ದಾರಿಯ ಅತಿ ಇಕ್ಕಟ್ಟಾದ ಜಾಗದ ಮಾತು, ಕೂಡಿಸೋ ಲೆಕ್ಕ ಅಲ್ಲ. “ಅದರ ಜೊತೆ ಡಿಲೇ 50 ಮಿಲಿಸೆಕೆಂಡ್ ಒಳಗಿರಲಿ” ಅಂದ್ರೂ ತೊಂದರೆ ಇಲ್ಲ. ಅಳಿಸಿ ಉಳಿದ ನಕ್ಷೆಯಲ್ಲಿ ಅತಿ ಕಡಿಮೆ ಡಿಲೇ ಇರೋ ದಾರಿ ಹುಡುಕಿ, ಅದು 50ರ ಒಳಗಿದೆಯಾ ನೋಡಿ. ಮುಗೀತು.

ಕೂಡಿಸೋ ಅಳತೆ ಎರಡಾದಾಗ ಗಂಟು ಬೀಳುತ್ತೆ. ಡಿಲೇ 50ರ ಒಳಗಿರಬೇಕು, ಖರ್ಚೂ ಇಂತಿಷ್ಟರ ಒಳಗಿರಬೇಕು. ಜೆಂಗ್ ವಾಂಗ್ ಮತ್ತು ಜಾನ್ ಕ್ರೋಕ್ರಾಫ್ಟ್ 1996ರ ತಮ್ಮ ಪ್ರಬಂಧದಲ್ಲಿ ಯಾವ ಜೋಡಿ ಸುಲಭ, ಯಾವುದು ಎನ್‌ಪಿ-ಕಂಪ್ಲೀಟ್ ಅಂತ ವಿಂಗಡಿಸಿ ತೋರಿಸಿದ್ರು. ಯಾಕೆ ಕಷ್ಟ? ಡೈಕ್ಸ್‌ಟ್ರಾ ನಂಬಿರೋದು ಒಂದೇ ಸೂತ್ರ: ಒಂದು ಊರಿಗೆ ಬರೋ ಅತ್ಯುತ್ತಮ ದಾರಿ ಒಂದನ್ನು ನೆನಪಿಟ್ಟುಕೊ, ಉಳಿದದ್ದು ಮರೆತುಬಿಡು. ಎರಡು ಅಳತೆ ಬಂದಾಗ “ಅತ್ಯುತ್ತಮ” ಅನ್ನೋದೇ ಇರಲ್ಲ. ಒಂದು ದಾರಿ ಬೇಗ ತಲುಪಿಸುತ್ತೆ, ದುಡ್ಡು ಜಾಸ್ತಿ. ಇನ್ನೊಂದು ತಡ, ಆದ್ರೆ ಅಗ್ಗ. ಯಾವುದನ್ನು ಮರೀತೀರಿ? ಮುಂದೆ ಯಾವುದು ಬೇಕಾಗುತ್ತೋ ಗೊತ್ತಿಲ್ಲ, ಅದಕ್ಕೆ ಎರಡನ್ನೂ ಇಟ್ಕೋಬೇಕು.

ಇದು ಎಷ್ಟು ಕೆಡಬಹುದು ಅಂತ ನೋಡಿ. ಸಾಲಾಗಿ 20 ಹಾಪ್, ಪ್ರತಿ ಹಾಪ್‌ನಲ್ಲೂ ಎರಡು ಲಿಂಕ್. ಮೊದಲ ಹಾಪ್‌ನಲ್ಲಿ ಒಂದು ಲಿಂಕ್ 1 ಮಿಲಿಸೆಕೆಂಡ್ ಹೆಚ್ಚು ತಗೊಳ್ಳುತ್ತೆ, ಇನ್ನೊಂದು 1 ರೂಪಾಯಿ ಹೆಚ್ಚು. ಎರಡನೇ ಹಾಪ್‌ನಲ್ಲಿ 2 ಮಿಲಿಸೆಕೆಂಡ್ ಇಲ್ಲಾ 2 ರೂಪಾಯಿ, ಮೂರನೇದರಲ್ಲಿ 4, ಆಮೇಲೆ 8, ಹೀಗೆ. ಒಟ್ಟು ದಾರಿಗಳು 10,48,576. ಇವುಗಳಲ್ಲಿ ಯಾವ ದಾರಿಯೂ ಇನ್ನೊಂದಕ್ಕಿಂತ ಎರಡರಲ್ಲೂ ಮೇಲಲ್ಲ. ಒಂದನ್ನೂ ಬಿಡೋಕಾಗಲ್ಲ. ಭಯ ಆಗುತ್ತೆ ಅಲ್ವಾ?

ಆದ್ರೆ ಇನ್ನೊಂದು ಸಲ ನೋಡಿ. ಈ ಉದಾಹರಣೆಯಲ್ಲಿ ಕೊನೇ ಹಾಪ್‌ನ ನಿಧಾನದ ಲಿಂಕ್ 5,24,288 ಮಿಲಿಸೆಕೆಂಡ್ ಹೆಚ್ಚು ತಗೊಳ್ಳುತ್ತೆ. ಅಂದ್ರೆ ಎಂಟೂ ಮುಕ್ಕಾಲು ನಿಮಿಷದ ಹತ್ತಿರ! ಇಂಥ ಲಿಂಕ್ ಯಾರ ಊರಲ್ಲಿದೆ? ನಮಗೆ ಬೇಕಿರೋದು 50 ಅಥವಾ 150 ಮಿಲಿಸೆಕೆಂಡ್ ಒಳಗಿನ ದಾರಿ ಮಾತ್ರ. ಹಾಗಾಗಿ ಪ್ರತಿ ಲಿಂಕ್‌ನ ಡಿಲೇಯನ್ನು ಮೇಲಿನ ಪೂರ್ಣ ಮಿಲಿಸೆಕೆಂಡಿಗೆ ಏರಿಸಿ, ಪ್ರತಿ ರೌಟರ್‌ಗೂ 150 ಮನೆಗಳ ಒಂದು ಪಟ್ಟಿ ಮಾಡಿ. ಇಲ್ಲಿಗೆ 1 ಮಿಲಿಸೆಕೆಂಡ್‌ನಲ್ಲಿ ಬರೋಕೆ ಕನಿಷ್ಠ ಖರ್ಚೆಷ್ಟು, 2ರಲ್ಲಿ ಎಷ್ಟು, ಹೀಗೆ 150ರವರೆಗೆ. 1000 ರೌಟರ್ ಇದ್ರೂ ಒಂದೂವರೆ ಲಕ್ಷ ಮನೆ. ನಿಮ್ಮ ಲ್ಯಾಪ್‌ಟಾಪ್‌ಗೆ ಅದೊಂದು ಲೆಕ್ಕವೇ ಅಲ್ಲ. ಮೇಲಕ್ಕೆ ಏರಿಸಿದ್ದರಿಂದ ಗಡಿಯಲ್ಲಿದ್ದ ಯಾವುದೋ ಒಂದು ದಾರಿ ಕೈತಪ್ಪಬಹುದು, ಆದ್ರೆ ಕೊಟ್ಟ ಮಾತು ಈ ಲೆಕ್ಕದಿಂದ ತಪ್ಪಲ್ಲ. ಎನ್‌ಪಿ-ಕಂಪ್ಲೀಟ್ ಅನ್ನೋ ಪದಕ್ಕೆ ಇಂಟರ್‌ವ್ಯೂನಲ್ಲಿ ಹೆದರಿ, ಕೆಲಸದಲ್ಲಿ ಅಷ್ಟು ಹೆದರಬೇಡಿ.

ಹಾಗಾದ್ರೆ ಕಷ್ಟ ಎಲ್ಲಿ? ಮೊದಲನೇದು, ನಕ್ಷೆ ಹಳೇದಾಗಿರುತ್ತೆ. ಈ ಪಾಠ ಅರ್ಪಾನೆಟ್ ಕಾಲದಲ್ಲೇ ಆಗಿದೆ. 1969ರಲ್ಲಿ ಶುರುವಾದಾಗ ಆ ನೆಟ್‌ವರ್ಕ್ ಆ ಕ್ಷಣದ ಕ್ಯೂ ಉದ್ದ ನೋಡಿ ದಾರಿ ಆರಿಸ್ತಿತ್ತು. 1979ರಲ್ಲಿ ಅದನ್ನು ಬಿಟ್ಟು, 10 ಸೆಕೆಂಡ್‌ಗಳ ಸರಾಸರಿ ಡಿಲೇ ಅಳೆದು ಎಲ್ಲ ಕಡೆ ಹಂಚೋ ಪದ್ಧತಿ ತಂದ್ರು. ಟ್ರಾಫಿಕ್ ಕಡಿಮೆ ಇದ್ದಾಗ ಚೆನ್ನಾಗೇ ನಡೀತು. ಜಾಸ್ತಿ ಆದಾಗ ತೂಗಾಟ ಶುರುವಾಯ್ತು.

ದೀಪಾವಳಿಗೆ ಪುಣೆಯಿಂದ ಕಾರಿನಲ್ಲಿ ಊರಿಗೆ ಹೊರಡೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಲ್ಹಾಪುರ–ಬೆಳಗಾವಿ ದಾರಿ ಕೆಂಪು ಅಂತ ಮ್ಯಾಪ್ ತೋರಿಸುತ್ತೆ, ಎಲ್ಲರೂ ಸೊಲ್ಲಾಪುರ–ವಿಜಯಪುರದ ಕಡೆ ತಿರುಗಿದ್ರು ಅಂತ ಇಟ್ಕೊಳ್ಳಿ. ಸ್ವಲ್ಪ ಹೊತ್ತಿಗೆ ಅದು ಕೆಂಪು, ಇದು ಖಾಲಿ. ಮತ್ತೆ ಎಲ್ಲರೂ ಈ ಕಡೆ. ಯಾವ ಹೊತ್ತಿನಲ್ಲೂ ಒಂದು ರಸ್ತೆ ಕಟ್ಟಿಕೊಂಡಿರುತ್ತೆ, ಇನ್ನೊಂದು ಬಣಗುಡ್ತಿರುತ್ತೆ. ಚಿತ್ರದುರ್ಗದಲ್ಲಿ ಎರಡೂ ಸೇರೋ ಹೊತ್ತಿಗೆ ಯಾರಿಗೂ ಲಾಭ ಆಗಿರಲ್ಲ. ಅರ್ಪಾನೆಟ್‌ನ ಪ್ಯಾಕೆಟ್‌ಗಳಿಗೂ ಇದೇ ಗತಿ ಆಯ್ತು. ತುಂಬಿ ತುಳುಕೋ ಒಂದು ನಿಧಾನದ ಲಿಂಕ್, ಖಾಲಿ ಇರೋ ಒಂದು ವೇಗದ ಲಿಂಕ್‌ಗಿಂತ 127 ಪಟ್ಟು ದುಬಾರಿ ಅಂತ ಕಾಣೋದು. 127 ಹಾಪ್ ಸುತ್ತಿ ಹೋಗು, ಆದ್ರೆ ಈ ಲಿಂಕ್ ಮುಟ್ಟಬೇಡ ಅಂದ ಹಾಗೆ.

1987ರಲ್ಲಿ ಇದನ್ನು ಸರಿಪಡಿಸಿದ ರೀತಿ ನನಗೆ ತುಂಬ ಇಷ್ಟ. ಅತುಲ್ ಖನ್ನಾ ಮತ್ತು ಜಾನ್ ಜಿಂಕಿ 1989ರಲ್ಲಿ ಅದನ್ನು ವಿವರಿಸಿದ್ದಾರೆ. ಹೊಸ ಅಲ್ಗಾರಿದಮ್ ಏನೂ ಅಲ್ಲ. ಅಳತೆಗೆ ಕಡಿವಾಣ ಹಾಕಿದ್ರು, ಅಷ್ಟೇ. ಲಿಂಕ್ ಎಷ್ಟೇ ತುಂಬಿದ್ರೂ ಖಾಲಿ ಇದ್ದಾಗಿನ ಬೆಲೆಯ ಮೂರು ಪಟ್ಟು ದಾಟಬಾರದು, ಒಂದೇ ಸಲಕ್ಕೆ ತುಂಬ ಏರಲೂಬಾರದು, ಇಳಿಯಲೂಬಾರದು. ನಿಜಕ್ಕೆ ಹತ್ತಿರದ ಅಳತೆ ಬಿಟ್ಟು ಸ್ವಲ್ಪ ಮೊಂಡಾದ ಅಳತೆ ತಗೊಂಡ್ರು, ನೆಟ್‌ವರ್ಕ್ ಸುಧಾರಿಸ್ತು.

ಎರಡನೇ ಕಷ್ಟ ಇನ್ನೂ ದೊಡ್ಡದು. ಒಳ್ಳೆ ದಾರಿ ಸಿಕ್ತು ಅಂತ ಇಟ್ಕೊಳ್ಳಿ. ನಿಮ್ಮ ಕಾಲ್ ಶುರುವಾಯ್ತು. ಐದು ನಿಮಿಷ ಬಿಟ್ಟು ಅದೇ ದಾರಿಗೆ ಇನ್ನೂ ಸಾವಿರ ಕಾಲ್ ಬಂದ್ರೆ? ದಾರಿ ಹುಡುಕೋದು ಬೇರೆ, ಹಿಡಿದಿಡೋದು ಬೇರೆ. ನಮ್ಮ ರೈಲನ್ನೇ ನೋಡಿ. ರಿಸರ್ವೇಶನ್ ಬೋಗಿಯಲ್ಲಿ ನಿಮ್ಮ ಬರ್ತ್ ನಿಮಗೇ ಅಂತ ಹೇಳೋಕಾಗೋದು ಯಾಕೆ? ಕೌಂಟರ್‌ನಲ್ಲಿ ಯಾರಿಗೋ ವೇಟಿಂಗ್ ಲಿಸ್ಟ್ ಕೊಟ್ಟಿರ್ತಾರೆ, ಅದಕ್ಕೆ. ಜನರಲ್ ಬೋಗಿಯಲ್ಲಿ ಯಾರಿಗೂ ಇಲ್ಲ ಅನ್ನಲ್ಲ, ಅದಕ್ಕೇ ಯಾರಿಗೂ ಸೀಟಿನ ಖಾತ್ರಿಯೂ ಇಲ್ಲ. ಇಂಟರ್ನೆಟ್ ಒಂದು ದೊಡ್ಡ ಜನರಲ್ ಬೋಗಿ.

1990ರ ದಶಕದಲ್ಲಿ ಇಲ್ಲೂ ರಿಸರ್ವೇಶನ್ ತರೋಕೆ ನೋಡಿದ್ರು. ಅಭಯ್ ಪಾರೇಖ್ ಮತ್ತು ರಾಬರ್ಟ್ ಗ್ಯಾಲಗರ್ 1993ರಲ್ಲಿ ಗಣಿತವಾಗೇ ತೋರಿಸಿದ್ರು: ಕಳಿಸೋರು ಇಂತಿಷ್ಟು ಮಿತಿಯಲ್ಲಿ ಕಳಿಸಿದ್ರೆ, ದಾರಿಯ ಪ್ರತಿ ರೌಟರ್ರೂ ಅವರ ಪಾಲನ್ನು ಕೊಟ್ರೆ, ಡಿಲೇ ಇಷ್ಟನ್ನು ಮೀರಲ್ಲ ಅಂತ ಸಾಧಿಸಬಹುದು. ಅಂದ್ರೆ ಮಾತು ಕೊಡೋದು ಸಾಧ್ಯ. 1997ರಲ್ಲಿ ಐಇಟಿಎಫ್ ಆರ್‌ಎಸ್‌ವಿಪಿ ಅನ್ನೋ ಪ್ರೋಟೋಕಾಲ್‌ನ ಮಾನದಂಡ ಹೊರತಂತು. ಕಾಲ್ ಶುರುವಾಗೋ ಮುಂಚೆ ದಾರಿಯ ಪ್ರತಿ ರೌಟರ್‌ನ ಹತ್ತಿರ ಜಾಗ ಕೇಳಬೇಕು. ಇದ್ರೆ ಬರ್ಕೋತಾರೆ, ಇಲ್ಲದಿದ್ರೆ ಇಲ್ಲ ಅಂತಾರೆ. ಬರ್ಕೊಂಡಿದ್ದನ್ನು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ನೆನಪಿಸ್ತಾ ಇರಬೇಕು. ಒಂದು ಆಫೀಸಿನೊಳಗೆ ಇದು ಸರಿ. ದೇಶದ ನಡುವಿನ ದೊಡ್ಡ ರೌಟರ್‌ನಲ್ಲಿ ಲಕ್ಷಗಟ್ಟಲೆ ಕಾಲ್‌ಗಳ ಒಂದೊಂದು ಲೆಕ್ಕ ಇಡಬೇಕು ಅಂದಾಗ ಜನ ಹಿಂದೆ ಸರಿದ್ರು.

1998ರಲ್ಲಿ ಡಿಫ್‌ಸರ್ವ್ ಬಂತು. ಒಬ್ಬೊಬ್ಬರ ಲೆಕ್ಕ ಬೇಡ, ಪ್ಯಾಕೆಟ್ ಮೇಲೆ ಒಂದು ಗುರುತು ಹಾಕಿ, ಗುರುತು ನೋಡಿ ರೌಟರ್ ಆದ್ಯತೆ ಕೊಡುತ್ತೆ. ಧ್ವನಿಗೆ ಸಾಮಾನ್ಯವಾಗಿ 46 ಅನ್ನೋ ಸಂಖ್ಯೆ. ಸರಳ, ಅದಕ್ಕೇ ಇವತ್ತಿಗೂ ಬದುಕಿದೆ. ಆದ್ರೆ ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಂಪನಿಯಲ್ಲಿ ಏನಾಯ್ತು ಕೇಳಿ. ಬ್ರಾಂಚ್ ಆಫೀಸ್‌ಗಳ ನಡುವಿನ ಲಿಂಕ್‌ನಲ್ಲಿ ಫೋನಿಗೆ 46 ಹಾಕಿದ್ರು, ಕಾಲ್‌ಗಳು ಸ್ವಚ್ಛ ಆದವು. ಅದು ನೋಡಿ ವಿಡಿಯೋ ಟೀಮ್ ನಮಗೂ ಹಾಕಿ ಅಂತು. ಆಮೇಲೆ ರಿಮೋಟ್ ಡೆಸ್ಕ್‌ಟಾಪ್. ಕೊನೆಗೆ ಬ್ಯಾಕಪ್‌ನೋರು ಯಾರನ್ನೂ ಕೇಳದೆ ತಾವೇ ಹಾಕ್ಕೊಂಡ್ರು. ಯಾರ ಕೆಲಸ ಮುಖ್ಯ ಅಂತ ಕೇಳಿದ್ರೆ ನಮ್ಮದಲ್ಲ ಅಂತ ಯಾವ ಟೀಮ್ ತಾನೇ ಹೇಳುತ್ತೆ? ಎಲ್ಲರೂ ವಿಐಪಿ ಆದ ಮೇಲೆ ಕಾಲ್‌ಗಳು ಮತ್ತೆ ಕೆಟ್ಟವು. ಪರಿಹಾರ ಕೊನೆಗೆ ಬಾಗಿಲಲ್ಲೇ ಸಿಕ್ಕಿದ್ದು. ಆ ಕ್ಯೂಗೆ ಇಷ್ಟೇ ಎಂಬಿಪಿಎಸ್, ಮೀರಿದ್ದು ಬಿಸಾಕು ಅಂತ ಮಿತಿ ಹಾಕಿದ್ರು. ಬ್ಯಾಕಪ್‌ನೋರು ಮ್ಯಾನೇಜರ್ ತನಕ ಜಗಳ ಒಯ್ದಿದ್ದು ಬೇರೆ ಕಥೆ.

ಮಾತು ಉಳಿಸಿಕೊಳ್ಳೋ ನೆಟ್‌ವರ್ಕ್ ಇಲ್ವೇ ಇಲ್ಲ ಅಂತಲ್ಲ. ಗೂಗಲ್ ತನ್ನ ಡೇಟಾ ಸೆಂಟರ್‌ಗಳ ನಡುವಿನ ಬಿ4 ನೆಟ್‌ವರ್ಕ್ ಬಗ್ಗೆ 2013ರಲ್ಲಿ ಪ್ರಬಂಧ ಪ್ರಕಟಿಸ್ತು. ಹಲವು ಲಿಂಕ್‌ಗಳು ಹತ್ತಿರ ಹತ್ತಿರ 100 ಶೇಕಡಾ ತುಂಬಿ ಓಡ್ತವೆ, ದೀರ್ಘಕಾಲದ ಸರಾಸರಿ 70 ಶೇಕಡಾ. ಇಷ್ಟು ತುಂಬಿಸೋ ಧೈರ್ಯ ಸಾಮಾನ್ಯ ಆಪರೇಟರ್‌ಗೆ ಇರಲ್ಲ, ಅವರು ತುರ್ತಿಗೆ ಅಂತ ಬೇಕಾದಷ್ಟು ಖಾಲಿ ಬಿಡ್ತಾರೆ. ಗೂಗಲ್‌ಗೆ ಹೇಗೆ ಸಾಧ್ಯ ಆಯ್ತು? ಲಿಂಕ್ ಅವರದು, ದಾರಿ ಲೆಕ್ಕ ಹಾಕೋ ಒಂದೇ ಕೇಂದ್ರ ಅವರದು, ಎಲ್ಲಕ್ಕಿಂತ ಮುಖ್ಯವಾಗಿ ಅದರ ಮೇಲೆ ಓಡೋ ಅಪ್ಲಿಕೇಶನ್‌ಗಳೂ ಅವರದೇ. ಲಿಂಕ್ ಒಂದು ಕೆಟ್ರೆ, ದೊಡ್ಡ ಕಾಪಿ ಕೆಲಸಕ್ಕೆ “ನೀನು ನಿಧಾನ ಮಾಡು” ಅಂತ ಹೇಳಬಹುದು. ಅದು ಕೇಳುತ್ತೆ, ಗ್ರಾಹಕರ ವೇದಿಕೆಗೆ ದೂರು ಕೊಡೋಕೆ ಹೋಗಲ್ಲ.

ನಿಮ್ಮ ಕಾಲ್ ಹಾಗಲ್ಲ. ಅದು ನಿಮ್ಮ ಕಂಪನಿಯ ನೆಟ್‌ವರ್ಕ್‌ನಿಂದ ಇನ್ನೊಬ್ಬರ ನೆಟ್‌ವರ್ಕ್‌ಗೆ ದಾಟಬಹುದು. ಆ ಗಡಿಯಲ್ಲಿ ಮಾತಾಡೋ ಭಾಷೆ ಬಿಜಿಪಿ. ಯಾರ ಮೂಲಕ ಎಲ್ಲಿಗೆ ಹೋಗಬಹುದು ಅಂತ ಅದು ಹೇಳುತ್ತೆ. ಎಷ್ಟು ಖಾಲಿ ಇದೆ, ಎಷ್ಟು ತಡ ಆಗುತ್ತೆ ಅನ್ನೋದನ್ನು ಹೊತ್ತು ತರೋಕೆ ಅದನ್ನು ಮಾಡಿಲ್ಲ. ತನ್ನ ಲಿಂಕ್ ಎಷ್ಟು ತುಂಬಿದೆ ಅಂತ ಪಕ್ಕದ ಪ್ರತಿಸ್ಪರ್ಧಿಗೆ ತೋರಿಸೋಕೆ ಯಾವ ಕಂಪನಿಗೂ ಮನಸ್ಸಿಲ್ಲ. ಮಾತು ತಪ್ಪಿದ್ರೆ ದಂಡ ಯಾರು ಕಟ್ಟಬೇಕು ಅನ್ನೋದಂತೂ ಇನ್ನೊಂದು ತಲೆನೋವು.

ಈಗ 5ಜಿ ಜೊತೆ ಸ್ಲೈಸಿಂಗ್ ಅಂತ ಬಂದಿದೆ. ಒಂದೇ ನೆಟ್‌ವರ್ಕ್‌ನಲ್ಲಿ ಆಸ್ಪತ್ರೆಗೆ, ಕಾರ್ಖಾನೆಗೆ, ಗೇಮ್ ಆಡೋರಿಗೆ ಬೇರೆ ಬೇರೆ ಪಾಲು, ಒಂದೊಂದಕ್ಕೂ ಬೇರೆ ಖಾತ್ರಿ. ತಾಂತ್ರಿಕವಾಗಿ ಇದು ರಿಸರ್ವೇಶನ್ ಬೋಗಿಯೇ. ನಮ್ಮಲ್ಲಿ ಟ್ರಾಯ್ 2017ರ ನವೆಂಬರ್‌ನಲ್ಲಿ ನೆಟ್ ನ್ಯೂಟ್ರಾಲಿಟಿ ಶಿಫಾರಸು ಕೊಡ್ತು, 2018ರ ಜುಲೈನಲ್ಲಿ ಸರ್ಕಾರ ಒಪ್ತು. ಯಾವ ಕಂಟೆಂಟ್‌ಗೂ ಭೇದ ಮಾಡಬಾರದು, ಆದ್ರೆ ವಿಶೇಷ ಸೇವೆಗಳಿಗೆ ವಿನಾಯಿತಿ. ಅದಕ್ಕೊಂದು ಷರತ್ತು, ಆ ಸೇವೆಯಿಂದ ಸಾಮಾನ್ಯ ಇಂಟರ್ನೆಟ್‌ನ ಲಭ್ಯತೆಗೂ ಗುಣಮಟ್ಟಕ್ಕೂ ಧಕ್ಕೆ ಬರಬಾರದು.

ಷರತ್ತು ನ್ಯಾಯವಾಗೇ ಇದೆ. ಆದ್ರೆ ಎಂಜಿನಿಯರ್ ಆಗಿ ನಾನು ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಒಂದು ರೈಲಿಗೆ ರಿಸರ್ವೇಶನ್ ಬೋಗಿ ಹೆಚ್ಚಿಸಿ ಜನರಲ್ ಬೋಗಿ ಒಂದು ಕಮ್ಮಿ ಮಾಡಿದ್ರೆ ಪ್ಲಾಟ್‌ಫಾರ್ಮ್‌ನಲ್ಲಿ ನಿಂತೋರಿಗೆ ಕಣ್ಣಿಗೇ ಕಾಣುತ್ತೆ. ನೆಟ್‌ವರ್ಕ್‌ನಲ್ಲಿ ಬೋಗಿ ಕಾಣಲ್ಲ. ಕೈಲಾದಷ್ಟು ಮಾಡ್ತೀನಿ ಅಂತ ಮಾತ್ರ ಹೇಳಿದ್ದ ಸೇವೆ ನಿನ್ನೆಗಿಂತ ಇವತ್ತು ಕೆಟ್ಟಿದೆ ಅಂತ ಸಾಧಿಸೋದು ಯಾವ ಅಳತೆಯಿಂದ? ಡೌನ್‌ಲೋಡ್ ಸ್ಪೀಡ್ ಒಂದೇ ನೋಡಿದ್ರೆ ಸಾಲದು. ಸಂಜೆ ಎಂಟರಿಂದ ಹತ್ತರವರೆಗೆ ಕ್ಯೂನಲ್ಲಿ ಕಾದ ಹೊತ್ತು, ಬಿದ್ದುಹೋದ ಪ್ಯಾಕೆಟ್, ಇವನ್ನು ಸ್ಲೈಸ್ ಬರೋದಕ್ಕೆ ಮುಂಚಿನಿಂದಲೇ ಯಾರಾದರೂ ಅಳೆದು ಇಟ್ಟಿರಬೇಕು. ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಬಿದ್ದಿದ್ರೆ ನೀವೂ ನಿಮಿಷಕ್ಕೊಂದು ಪಿಂಗ್ ಹೊಡೆದು ಬರೆದಿಡಬಹುದು. ಅದಕ್ಕೆ ಬೇಕಾದ ಇಪ್ಪತ್ತು ಸಾಲಿನ ಸ್ಕ್ರಿಪ್ಟನ್ನು ಈಗ ಸ್ಕ್ರೀನ್ ಮೇಲೆ ಹಾಕ್ತೀನಿ, ನೋಡ್ತಾ ನೋಡ್ತಾ ಪ್ರಶ್ನೆ ಕೇಳಿ.