ವೈರಿನ ಹೊದಿಕೆಯಲ್ಲಿ ಮಣ್ಣೇಕೆ?

ವೈರಿನ ಒಳಗೆ ತಾಮ್ರ, ಹೊರಗೆ ಪ್ಲಾಸ್ಟಿಕ್. ಇಷ್ಟು ನಿಮಗೆ ಗೊತ್ತು. ಆ ಪ್ಲಾಸ್ಟಿಕ್ಕಿನಲ್ಲಿ ಕಲ್ಲಿನ ಪುಡಿಯೂ ಸೇರಿರುತ್ತದೆ ಎಂದರೆ ನಂಬುತ್ತೀರಾ?

ಮನೆಯ ವೈರಿಗೆ ಹೆಚ್ಚಾಗಿ ಹೊದಿಸುವುದು ಪಿವಿಸಿ. ಅದು ಹುಟ್ಟಾ ಗಡುಸು; ಬಾಗಲಿ ಅಂತ ಎಣ್ಣೆಯಂಥ ದ್ರವ ಬೆರೆಸುತ್ತಾರೆ. ಜೊತೆಗೆ ನುಣ್ಣಗೆ ಅರೆದ ಸುಣ್ಣಕಲ್ಲಿನ ಪುಡಿಯನ್ನೂ ಹಾಕುತ್ತಾರೆ. ಪುಡಿ ಅಗ್ಗ, ಖರ್ಚು ಇಳಿಯುತ್ತದೆ. ಅಷ್ಟೇ ಆಗಿದ್ದರೆ ನಾನಿದನ್ನು ಬರೆಯುತ್ತಲೇ ಇರಲಿಲ್ಲ.

ಪ್ಲಾಸ್ಟಿಕ್ ವಿದ್ಯುತ್ತನ್ನು ಪೂರಾ ತಡೆಯುವುದಿಲ್ಲ. ಎಳ್ಳಷ್ಟು ಸೋರಿಕೆ ಇದ್ದೇ ಇರುತ್ತದೆ. ತಯಾರಿಕೆಯಲ್ಲಿ ಉಳಿದುಹೋದ ಲವಣಗಳಿಂದ ಬಂದ ಅಯಾನುಗಳು, ಅಂದರೆ ವಿದ್ಯುದಂಶವುಳ್ಳ ಕಣಗಳು, ಆ ಮೆತ್ತನೆಯ ಹೊದಿಕೆಯೊಳಗೆ ನಿಧಾನವಾಗಿ ತೆವಳುತ್ತವೆ. ವೈರು ಬಿಸಿಯಾದರೆ ಅವುಗಳ ಓಡಾಟ ಇನ್ನೂ ಜೋರು. ಇಲ್ಲಿ ಕೈಹಿಡಿಯುವುದು ಜೇಡಿಮಣ್ಣು! ಕೆಯೋಲಿನ್ ಎಂಬ ಬಿಳಿ ಜೇಡಿಯನ್ನು ನೂರಾರು ಡಿಗ್ರಿ ಕಾವಿನಲ್ಲಿ ಸುಟ್ಟು, ಅದರ ಅಣುರಚನೆಯಲ್ಲಿರುವ ನೀರನ್ನು ಓಡಿಸಿ, ಪುಡಿಮಾಡಿ ಬೆರೆಸುತ್ತಾರೆ. ಸುಟ್ಟ ಜೇಡಿಯ ಮೈ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೋರಿಕೆ ತಗ್ಗುತ್ತದೆ. ಸುಣ್ಣಕಲ್ಲಿಗೆ ಈ ಗುಣ ಇಲ್ಲ.

ಹಾಗಂತ ಎಲ್ಲ ಪುಡಿಯೂ ಒಳ್ಳೆಯದಲ್ಲ. ಒದ್ದೆ ಪುಡಿ ಬೆರೆತರೆ, ಪುಡಿಗೂ ಪ್ಲಾಸ್ಟಿಕ್ಕಿಗೂ ನಡುವೆ ಸಂದು ಉಳಿದರೆ, ತೇವ ಅಲ್ಲಿ ಸೇರಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಅದಕ್ಕೇ ಎಷ್ಟೋ ಕಡೆ ಪುಡಿಗೆ ಮೊದಲು ಸ್ಟಿಯರಿಕ್ ಆಮ್ಲದ ತೆಳು ಲೇಪ ಕೊಡುತ್ತಾರೆ.

ಇಂಗಾಲದ ಕರಿಪುಡಿಯ ಸಂಗತಿಯೇ ಬೇರೆ. ಕೊಂಚ ಹಾಕಿದರೆ ತೊಂದರೆಯಿಲ್ಲ. ಒಂದು ಮಿತಿ ದಾಟಿತೋ, ಕಣಕ್ಕೆ ಕಣ ತಾಗಿ, ನಾವು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಹಳ್ಳ ದಾಟುವ ಹಾಗೆ ವಿದ್ಯುತ್ತು ದಾಟಿಬಿಡುತ್ತದೆ. ದೊಡ್ಡ ವೋಲ್ಟೇಜಿನ ಕೇಬಲ್ಲುಗಳಲ್ಲಿ ವಾಹಕದ ಸುತ್ತ ಇಂಥ ಕರಿಪದರವನ್ನು ಬೇಕೆಂದೇ ಇಡುತ್ತಾರೆ. ವಿದ್ಯುತ್ತಿನ ಒತ್ತಡ ಒಂದೇ ಕಡೆ ಬೀಳದೆ ಸಮನಾಗಿ ಹಂಚಿಹೋಗಲಿ ಎಂದು.

ನನಗೆ ತುಂಬ ಇಷ್ಟವಾದದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಬಯಲಿನ ವಿದ್ಯುತ್ ಗೋಪುರಗಳ ಸಿಲಿಕೋನ್ ರಬ್ಬರ್ ಇನ್ಸುಲೇಟರುಗಳಲ್ಲಿ ಇದನ್ನು ಬೆರೆಸುತ್ತಾರೆ. ದೂಳು, ಮಂಜು ಕೂತು ಮೇಲ್ಮೈಯಲ್ಲಿ ಕಿಡಿ ಹಾರಿದಾಗ, ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಈ ಪುಡಿ ಒಡೆದು ನೀರಾವಿ ಬಿಡುತ್ತದೆ. ಅದರ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ನೀರೇ! ಕಾವು ಇಳಿದು, ಮೇಲ್ಮೈ ಸುಟ್ಟುಹೋಗುವುದು ತಪ್ಪುತ್ತದೆ.

ಆದರೆ ಬಿರುಕು ಬಿಟ್ಟ ಹೊದಿಕೆಯನ್ನು ಯಾವ ಪುಡಿಯೂ ಕಾಪಾಡದು. ಅಂಥ ವೈರು ಕಂಡರೆ ಮುಟ್ಟಬೇಡಿ ಮಕ್ಕಳೇ, ಮನೆಯಲ್ಲಿ ದೊಡ್ಡವರಿಗೆ ತೋರಿಸಿ.